ಲೈನ್ ಕ್ಲಿಯರ್

ಶಿವಮೊಗ್ಗದ ಮಂಡ್ಲಿಯಲ್ಲಿ, ಗೋದಾಮಿನ ಪಕ್ಕದ ತರಬೇತಿ ಕೋಣೆಯಲ್ಲಿ
ಮೂವತ್ತು ಜನ ನಾವು, ಕಂಬ ಹತ್ತುವವರು, ಸ್ವಿಚ್ಚು ಕಾಯುವವರು,
ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆವು
ಸಂಬಳ ಕಡಿತದ ಪಟ್ಟಿ ಓದುವ ದಿನದ ಹಾಗೆ.

ದಾವಣಗೆರೆಯಿಂದ ಬಂದ ಹುಡುಗಿ, ಸೌಪರ್ಣಿಕಾ,
ಮೊದಲು ಐಸ್ ಒಡೆಯೋಣ ಅಂದಳು.
ನಮಗೆ ಗೊತ್ತಿರುವುದು ಕಾಯಿ ಒಡೆಯುವುದು,
ಸಿಡಿಲಿಗೆ ಪಿಂಗಾಣಿ ಒಡೆಯುವುದು.
ಸುಮ್ಮನಿದ್ದೆವು.

ಹಳದಿ ಚೆಂಡೊಂದು ಬಂತು. ಹಿಡಿದವನು
ಹೆಸರು ಹೇಳಬೇಕು, ಹೆಸರಿಗೊಂದು ತರಕಾರಿ ಕಟ್ಟಬೇಕು,
ಅಕ್ಷರ ಕೂಡಬೇಕು.
ನುಗ್ಗೆ ನಜೀರ್. ಟೊಮೇಟೊ ಟೀಕ್ಯಾ ನಾಯ್ಕ.
ನಾನು ಬೀನ್ಸ್ ಬೀರಪ್ಪ. ಇಪ್ಪತ್ತು ವರ್ಷದ ಸರ್ವಿಸ್ಸು
ಒಂದು ಚೆಂಡಿಗೆ ಪಲ್ಯವಾಯಿತು.
ಸಾಗರದ ಲಾರೆನ್ಸ್ ಲಿಂಬೆ ಅಂದ.
ಅದು ಹಣ್ಣೋ ತರಕಾರಿಯೋ ಎಂಬ ತಕರಾರು
ಯೂನಿಯನ್ ಸಭೆಯಷ್ಟೇ ಹೊತ್ತು ನಡೆಯಿತು.
ಮೂಲೆಯಲ್ಲೊಬ್ಬ ತೆಳ್ಳನೆಯವನು ಚೆಂಡನ್ನು
ಎದೆಗೊತ್ತಿ ಹಿಡಿದು, ನೆಲ ನೋಡುತ್ತ,
ಕೆಸು ಕೆರಿಯಪ್ಪ ಅಂದ. ಸರಿಯಾಗಿ ಕೇಳಲೂ ಇಲ್ಲ.
ಯಾರೂ ಮತ್ತೊಮ್ಮೆ ಅನ್ನಿಸಲಿಲ್ಲ.

ಆಮೇಲೆ ಎರಡು ನಿಜ, ಒಂದು ಸುಳ್ಳು.
ಶಿಕಾರಿಪುರದ ಹುಚ್ಚರಾಯಪ್ಪ ಎದ್ದು, ಅಂಗಿ ಎಳೆದುಕೊಂಡು:
ನಂಗೆ ಮೂರು ಹೆಣ್ಣುಮಕ್ಕಳು.
ನಾನು ಒಂದ್ಸಲ ಸತ್ತಿದೀನಿ.
ನಂಗೆ ಕತ್ತಲು ಅಂದ್ರೆ ಹೆದರಿಕೆ.
ಹುಡುಗಿ ನಕ್ಕು, ಎರಡನೇದು ಸುಳ್ಳು ಅಂದಳು.
ಮೂವತ್ತು ಜನರಲ್ಲಿ ಒಬ್ಬರೂ ನಗಲಿಲ್ಲ.
ಅವನು ಅಂಗಿಯ ತೋಳು ಮಡಚಿದ.
ಮಣಿಕಟ್ಟಿನಿಂದ ಮೊಣಕೈವರೆಗೆ
ಬಸಳೆ ಬಳ್ಳಿಯ ಹಾಗೆ ಹತ್ತಿದ ಕಲೆ.
ಹೆಣ್ಣುಮಕ್ಕಳು ಎರಡೇ ಮೇಡಂ, ಅಂದ.
ಅವಳು ಕೈಯಲ್ಲಿದ್ದ ಹಾಳೆಯನ್ನು ತಿರುಗಿಸಿ ನೋಡಿದಳು.
ಮುಂದೆ ಏನನ್ನಬೇಕೆಂದು ಅದರಲ್ಲಿ ಬರೆದಿರಲಿಲ್ಲ.
ಚಹಾ ಬಂತು, ಪುಣ್ಯ.

ಕೊನೆಯ ಆಟಕ್ಕೆ ಕುರ್ಚಿಗಳನ್ನು ಅಡ್ಡಾದಿಡ್ಡಿ ಹರಡಿದರು.
ನನ್ನ ಕಣ್ಣಿಗೆ ನನ್ನದೇ ಟವೆಲು.
ಜೋಡಿಯವನು ದೂರ ನಿಂತು ದಾರಿ ಹೇಳಬೇಕು, ಮುಟ್ಟಬಾರದು.
ಇಡೀ ಕೋಣೆ ಕೂಗುತ್ತಿತ್ತು, ಎಡಕ್ಕೆ, ಬಲಕ್ಕೆ, ಅಯ್ಯೋ, ಅಲ್ಲಲ್ಲ ಮಾರಾಯಾ.
ಅದರೊಳಗಿಂದ ಒಂದು ದನಿ, ಕೂಗದೆ,
ಕೆಸುವಿನೆಲೆ ತಿಂದು ತುರಿಸಿದಂಥ ಗಂಟಲಿನದು:
ನಿಲ್ಲಿ. ಎಡಗಾಲು. ಹಾಂ. ಕ್ಲಿಯರ್ ಇದೆ, ಬನ್ನಿ.

ನಿಂತೇ ಬಿಟ್ಟೆ.
ಹನ್ನೊಂದು ವರ್ಷ.
ಅಮ್ಮನಘಟ್ಟದ ಕೆಳಗೆ ಹಲಸಿನ ಮರ ತಂತಿಗೆ ಒರಗಿದ ರಾತ್ರಿ,
ಕಾಲಿಗೆ ಇಂಬಳ, ಬಾಯಲ್ಲಿ ಟಾರ್ಚು,
ಭುಜಕ್ಕೂ ಕಿವಿಗೂ ನಡುವೆ ಒತ್ತಿ ಹಿಡಿದ ಫೋನಿನಲ್ಲಿ
ಇದೇ ದನಿ: ಲೈನ್ ಕ್ಲಿಯರ್ ಕೊಟ್ಟಿದೀನಿ, ಹತ್ತಿ.
ಹತ್ತಿದ್ದೇನೆ. ಪ್ರತಿಸಲವೂ.
ಹೆಂಡತಿ ಉಪ್ಪು ಸರಿ ಇದೆ ಅಂದರೂ ಚಪ್ಪರಿಸಿ ನೋಡುವ ನಾನು
ಇವನು ಸತ್ತಿದೆ ಅಂದ ತಂತಿಯನ್ನು
ಬರಿಗೈಯಲ್ಲಿ ಹಿಡಿದಿದ್ದೇನೆ.
ಫೋನಿನಲ್ಲಿ ಅವನಿಗೆ ಹೆಸರಿಲ್ಲ, ಅವನು ಸ್ಟೇಷನ್ನು.
ನನಗೂ ಇಲ್ಲ, ನಾನು ರಿಪ್ಪನ್‌ಪೇಟೆ ಫೀಡರು.

ಟವೆಲು ಬಿಚ್ಚಿದೆ. ನಾನು ಅಂದುಕೊಂಡಿದ್ದ
ಗಿರಿಜಾಮೀಸೆ ಇಲ್ಲ, ಎತ್ತರ ಇಲ್ಲ.
ತಲೆಗೆ ಹಚ್ಚಿದ ಬಣ್ಣ ಕಿವಿಯಂಚಿಗೆ ತಾಗಿದೆ.
ನೀವು ಸ್ಟೇಷನ್ನಾ?
ಅವನು ನನ್ನ ಕೈಗಳನ್ನು ನೋಡಿದ. ಮುಖವನ್ನಲ್ಲ, ಕೈಗಳನ್ನು.
ಹತ್ತೂ ಬೆರಳು ಎಣಿಸಿದನೇನೋ.

ಜೋಡಿಯ ಬಗ್ಗೆ ಹೊಸದಾಗಿ ತಿಳಿದಿದ್ದು ಒಂದು ಹೇಳಿ, ಅಂದಳು ಸೌಪರ್ಣಿಕಾ.
ಇವರು ಚಹಾಕ್ಕೆ ಸಕ್ಕರೆ ಹಾಕೋದಿಲ್ಲ, ಅಂದೆ.
ಬರೆದುಕೊಂಡಳು.

ಬುಧವಾರ ಸಂಜೆ, ಕೋಡೂರಿನ ತಿರುವಿನ ಕಂಬ.
ಫೋನು. ಅದೇ ಫೀಡರು, ಅದೇ ಅಂಕಿ ಎರಡೆರಡು ಸಲ.
ಕ್ಲಿಯರ್. ಹತ್ತಿ.
ಇಡಲಿಲ್ಲ ಆದರೆ. ಉಸಿರು ಕೇಳುತ್ತಿತ್ತು.
ಆಮೇಲೆ, ಪಕ್ಕದ ಕುರ್ಚಿಗೆ ಕೇಳಬಾರದೆಂಬಂತೆ:
ಹುಷಾರು, ಬೀನ್ಸು.
ಕೆಸು ಮಾತಾಡ್ತಿರೋದು.